ಬ್ಯಾಬಿಲೋನಿನ ತಿಥಿ, ಉಡುಪಿಯ ತಿಥಿ

ಪ್ರಶ್ನೆ: ಬಿಎಸ್ಸಿ ಗಣಿತ ಓದುತ್ತಿದ್ದೇನೆ. ಮನೆಯಲ್ಲೇ ಪಂಚಾಂಗದ ಲೆಕ್ಕ ಕಲಿತಿದ್ದೇನೆ. ಬ್ಯಾಬಿಲೋನಿನ ಖಗೋಳದಲ್ಲಿ ಸಂಶೋಧನೆ ಮಾಡುವಾಸೆ. ಅಲ್ಲಿಯೂ ‘ತಿಥಿ’ ಇದೆಯಂತೆ. ಎಲ್ಲಿಂದ ಶುರು ಮಾಡಲಿ?
– ಓದುಗ, ಉಡುಪಿ

ಉತ್ತರ: ತಿಥಿಯ ಗೊಂದಲ ಮೊದಲು ತೀರಲಿ. ಆ ಪದ ಬ್ಯಾಬಿಲೋನಿನದಲ್ಲ. ಚಾಂದ್ರಮಾಸದ ಮೂವತ್ತನೇ ಒಂದು ಪಾಲನ್ನು ಬ್ಯಾಬಿಲೋನಿನವರು ಲೆಕ್ಕಕ್ಕೆ ಬಳಸುತ್ತಿದ್ದರು. ಅದಕ್ಕೆ ಸಂಸ್ಕೃತದ ಹೆಸರನ್ನು ತಂದು ಅಂಟಿಸಿದವರು 20ನೇ ಶತಮಾನದ ಖಗೋಳ ಇತಿಹಾಸಕಾರ ಒಟ್ಟೊ ನಾಯ್ಗೆಬವರ್. ಬ್ಯಾಬಿಲೋನಿನವರ ಪಾಲುಗಳೆಲ್ಲ ಒಂದೇ ಅಳತೆ. ನಿಮ್ಮ ತಿಥಿಯಾದರೋ ಸೂರ್ಯ-ಚಂದ್ರರ ನಡುವಿನ 12 ಅಂಶ, ಅದರ ಅವಧಿ ಹಿಗ್ಗುತ್ತದೆ, ಕುಗ್ಗುತ್ತದೆ. ಅಲ್ಲಿ ತಿಥಿಕ್ಷಯ ಹುಡುಕಬೇಡಿ. ಅವರ ದಿನ ಶುರುವಾಗುವುದೂ ಸೂರ್ಯಾಸ್ತಕ್ಕೇ, ಸೂರ್ಯೋದಯಕ್ಕಲ್ಲ.

ಆದರೆ ಘಳಿಗೆ (ದಿನದ 60ನೇ ಒಂದು ಪಾಲು), ವಿಘಳಿಗೆ (ಘಳಿಗೆಯ 60ನೇ ಒಂದು ಪಾಲು) ಕೂಡಿ ಕಳೆದ ಕೈ ನಿಮ್ಮದು, ಅದೇ ದೊಡ್ಡ ಬಂಡವಾಳ. ಬ್ಯಾಬಿಲೋನಿನವರ ಒಂದು ಪದ್ಧತಿಯಲ್ಲಿ ಸರಾಸರಿ ಚಾಂದ್ರಮಾಸ 29;31,50,8,20 ದಿನ. ಅಂದರೆ 29 ದಿನ, 31 ಘಳಿಗೆ, 50 ವಿಘಳಿಗೆ, ಮುಂದೆಯೂ 60ರ ಭಾಗಗಳೇ.

ಈ ಅಭ್ಯಾಸ ಮಾಡಿ. ಅದೇ ಪದ್ಧತಿಯಲ್ಲಿ ಸೂರ್ಯ ತಿಂಗಳಿಗೆ ಕ್ರಮಿಸುವ ಅಂಶ ಪ್ರತಿ ತಿಂಗಳೂ 0;18 (ಅಂಶದ 60ರಲ್ಲಿ 18 ಪಾಲು) ಏರುತ್ತದೆ ಅಥವಾ ಇಳಿಯುತ್ತದೆ. ಗರಿಷ್ಠ 30;1,59, ಕನಿಷ್ಠ 28;10,39,40. ಏರುತ್ತಿರುವಾಗ ಈ ತಿಂಗಳು 29;50 ಇದ್ದರೆ ಮುಂದಿನದು 30;8 ಆಗಬೇಕು. ಅದು ಗರಿಷ್ಠವನ್ನು 0;6,1 ದಾಟಿತು. ಹೆಚ್ಚಾದಷ್ಟನ್ನೇ ಗರಿಷ್ಠದಿಂದ ಕಳೆಯಿರಿ: 29;55,58. ಅಲ್ಲಿಂದ ಇಳಿಕೆ. ಗರಿಷ್ಠಕ್ಕೆ ಬಂದು ನಿಂತುಬಿಡುವುದು ಹೊಸಬರು ಮಾಡುವ ತಪ್ಪು. ಅವರು ಲೆಕ್ಕ ಬರೆದಿಟ್ಟ ಮಣ್ಣಿನ ಫಲಕ ಒಡೆದಿದ್ದರೆ ಅದರಲ್ಲಿ ಮಾಯವಾದ ಅಂಕೆಗಳನ್ನು ತುಂಬುವುದೂ ಇದೇ ಏರಿಳಿತದಿಂದ. ಎಚ್ಚರವಿರಲಿ: ಫಲಕದಲ್ಲಿ ಆ ಅರ್ಧವಿರಾಮ ಚಿಹ್ನೆ (;) ಇರುವುದಿಲ್ಲ, ಅದು ನಾವು ಹಾಕಿಕೊಂಡದ್ದು. ಒಂದು ನೆಟ್ಟ ಗೀಟು 1 ಇರಬಹುದು, 60 ಇರಬಹುದು, ಅರವತ್ತನೇ ಒಂದೂ ಇರಬಹುದು. ಸಾಲಿನ ಸಂದರ್ಭವೇ ತೀರ್ಮಾನಿಸಬೇಕು.

ಗಣಿತದವರು ಎಡವುವುದು ಭಾಷೆಯಲ್ಲಿ. ಬ್ಯಾಬಿಲೋನಿನ ಭಾಷೆಯಾದ ಅಕ್ಕಾಡಿಯನ್‌ನ ವ್ಯಾಕರಣ, ಅದನ್ನು ಬರೆದ ಕ್ಯೂನಿಫಾರ್ಮ್ (ಬೆಣೆಯಾಕಾರದ) ಲಿಪಿ, ಹಳೆಯ ಸಂಶೋಧನೆ ಓದಲು ಜರ್ಮನ್ ಮೂರೂ ಬೇಕು. ಮಂಗಳೂರು-ಉಡುಪಿಯಲ್ಲಿ ಅಕ್ಕಾಡಿಯನ್ ತರಗತಿ ಸಿಗುವುದು ಕಷ್ಟ. ಜರ್ಮನ್ ಈಗಲೇ ಹಿಡಿಯಿರಿ. ಫಲಕಗಳ ಚಿತ್ರಗಳು ಸಿಡಿಎಲ್‌ಐ (ಕ್ಯೂನಿಫಾರ್ಮ್ ಫಲಕಗಳ ಡಿಜಿಟಲ್ ಸಂಗ್ರಹ) ಜಾಲತಾಣದಲ್ಲಿ ಉಚಿತ. ಮೊದಲು ಅಂಕೆ, ಆಮೇಲೆ ತಿಂಗಳು, ಗ್ರಹಗಳ ಹೆಸರು.

ವಿಜ್ಞಾನದಿಂದ ಹೋದರೆ ತಡವಾಯಿತೆಂದೇನಿಲ್ಲ. ಮಥ್ಯೂ ಒಸ್ಸೆಂಡ್ರೈವರ್ ಖಭೌತವಿಜ್ಞಾನದಲ್ಲಿ ಪಿಎಚ್‌ಡಿ ಮಾಡಿಯೇ ಫಲಕಗಳತ್ತ ತಿರುಗಿದವರು. 2016ರಲ್ಲಿ ಅವರು ತೋರಿಸಿದ ಗುರುಗ್ರಹದ ಲೆಕ್ಕ ಹೀಗಿದೆ: ದಿನದ ಚಲನೆ 0;12ರಿಂದ 60 ದಿನಗಳಲ್ಲಿ 0;9,30ಕ್ಕೆ ಇಳಿಯುತ್ತದೆ; ದಿನಗಳಿಗೆದುರು ಚಲನೆಯನ್ನು ಗುರುತಿಸಿದರೆ ತ್ರಾಪಿಜ್ಯ ಮೂಡುತ್ತದೆ; ಕ್ರಮಿಸಿದ ದೂರ ಅದರ ವಿಸ್ತೀರ್ಣ. ಉತ್ತರ 10;45 ಅಂಶ ಬರಬೇಕು, ಮಾಡಿ ನೋಡಿ.