ಕಿರಿಯರ ಹಾಕಿ ವಿಶ್ವಕಪ್‌ಗೆ ವಯಸ್ಸನ್ನು ಎಣಿಸುವ ಬಗೆ

2006ರ ಫೆಬ್ರವರಿಯಲ್ಲಿ ಹುಟ್ಟಿದ ನಿಮ್ಮ ಮಗಳಿಗೆ 2027ರ ಕಿರಿಯರ ವಿಶ್ವಕಪ್ ಹೊತ್ತಿಗೆ 21 ತುಂಬಿರುತ್ತದೆ, ಆದ್ದರಿಂದ ಅವಕಾಶವಿಲ್ಲ ಎಂದು ಸಿಂಧನೂರಿನಲ್ಲಿ ಹೇಳಿದವರು ಬಹುಶಃ ವಯಸ್ಸನ್ನು ಪಂದ್ಯದ ದಿನಕ್ಕೆ ಎಣಿಸಿದ್ದಾರೆ. ಇಲ್ಲಿ ಲೆಕ್ಕಕ್ಕೆ ಬರುವುದು ಹುಟ್ಟಿದ ವರ್ಷ. 2025ರಲ್ಲಿ ಚೆನ್ನೈ ಮತ್ತು ಮಧುರೈಯಲ್ಲಿ ನಡೆದ ಪುರುಷರ ಟೂರ್ನಿಗೂ ಚಿಲಿಯ ಸ್ಯಾಂಟಿಯಾಗೊದಲ್ಲಿ ನಡೆದ ಮಹಿಳೆಯರ ಟೂರ್ನಿಗೂ 2004ರ ಜನವರಿ 1ರಂದು ಅಥವಾ ಅನಂತರ ಹುಟ್ಟಿದವರು ಅರ್ಹರಾಗಿದ್ದರು. ಅದೇ ಲೆಕ್ಕ ಮುಂದುವರಿದರೆ 2027ಕ್ಕೆ 2006ರ ಜನವರಿ 1ರಂದು ಅಥವಾ ಅನಂತರ ಹುಟ್ಟಿದವರು ಅರ್ಹರು, ಆದ್ದರಿಂದ ನಿಮ್ಮ ಮಗಳಿಗೆ ಅರ್ಹತೆಯಿದೆ. ಆದರೂ ಮುಂದಿನ ಆವೃತ್ತಿಯ ನಿಯಮಾವಳಿ ಪ್ರಕಟವಾದಾಗ ಅದನ್ನೇ ಅಂತಿಮವೆಂದು ತಿಳಿಯಿರಿ.

ಮೊದಲು ಜನನ ಪ್ರಮಾಣಪತ್ರ, ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಮತ್ತು ಆಧಾರ್‌ನಲ್ಲಿರುವ ಜನ್ಮದಿನಾಂಕ ಒಂದೇ ಆಗಿದೆಯೇ ನೋಡಿ. ನಮ್ಮ ಭಾಗದಲ್ಲಿ ಶಾಲೆಗೆ ಸೇರಿಸುವಾಗ ಅಂದಾಜಿನಲ್ಲಿ ಬರೆಸಿದ ದಿನಾಂಕವೇ ಉಳಿದುಬಿಡುವುದು ಹೊಸದಲ್ಲ. ನನ್ನ ತಮ್ಮನ ಮಗನ ವಿಷಯದಲ್ಲಿ ಅದನ್ನು ಸರಿಪಡಿಸಲು ತಿಂಗಳುಗಟ್ಟಲೆ ಓಡಾಡಬೇಕಾಯಿತು. ದಾಖಲೆ ಸರಿಯಾದ ಮೇಲೆ ಪಾಸ್‌ಪೋರ್ಟ್‌ಗೆ ಅರ್ಜಿ ಹಾಕಿ. ಆಮೇಲೆ ರಾಜ್ಯದ ಹಾಕಿ ಸಂಸ್ಥೆಯಾದ ‘ಹಾಕಿ ಕರ್ನಾಟಕ’ದ ಮೂಲಕ ಆಟಗಾರ್ತಿಯ ನೋಂದಣಿ ಮಾಡಿಸಿ, ಏಕೆಂದರೆ ರಾಷ್ಟ್ರೀಯ ಚಾಂಪಿಯನ್‌ಷಿಪ್‌ಗೆ ಹೋಗುವ ತಂಡವನ್ನು ಕಳಿಸುವುದು ರಾಜ್ಯ ಘಟಕವೇ. ರಾಷ್ಟ್ರೀಯ ಜೂನಿಯರ್ ಟೂರ್ನಿಯ ವಯೋಮಿತಿ ವಿಶ್ವಕಪ್‌ನ ಮಿತಿಗಿಂತ ಕಡಿಮೆ. ಆ ಬಾಗಿಲು ಮುಚ್ಚಿದ್ದರೆ ರಾಜ್ಯದ ಸೀನಿಯರ್ ತಂಡದ ಅಥವಾ ವಿಶ್ವವಿದ್ಯಾಲಯ ತಂಡದ ಆಯ್ಕೆಗೆ ಹೋಗಲಿ.

ಎರೆಮಣ್ಣಿನ ಮೈದಾನದಲ್ಲಿ ಪುಟಿಯುವ ಚೆಂಡಿಗೆ ಒಗ್ಗಿದ ಕೈಗೆ ಸಿಂಥೆಟಿಕ್ ಟರ್ಫ್‌ನ ವೇಗ ಬೇರೆಯೇ ಅನ್ನಿಸುತ್ತದೆ. ಆದ್ದರಿಂದ ಆಯ್ಕೆಗೆ ಕನಿಷ್ಠ ಕೆಲವು ವಾರ ಮೊದಲೇ ಬೆಂಗಳೂರಿನಲ್ಲಿ ಟರ್ಫ್ ಅಭ್ಯಾಸಕ್ಕೆ ಏರ್ಪಾಡು ಮಾಡಿ.