ಓದುಗರ ಪ್ರಶ್ನೆ, ನಮ್ಮ ಉತ್ತರ: ವಿಯೆಟ್ನಾಮಿನ ಒಂಟಿ ತಂತಿ ಮತ್ತು ಅದರ ನೆಂಟರು

ಕಳೆದ ಸಂಚಿಕೆಯಲ್ಲಿ ಹನೋಯ್‌ನ ನೀರು ಗೊಂಬೆಯಾಟದ ಬಗ್ಗೆ ಬರೆಯುವಾಗ ಅಲ್ಲಿನ ಹಿಮ್ಮೇಳದ ಬಗ್ಗೆ ನಾಲ್ಕೇ ಸಾಲು ಬರೆದಿದ್ದೆ. ಗೊಂಬೆಗಳಿಗಿಂತ ಆ ನಾಲ್ಕು ಸಾಲಿನ ಬಗ್ಗೆ ಬಂದ ಪತ್ರಗಳೇ ಜಾಸ್ತಿ. ಕುಂಬಳೆ ಸೀಮೆಯವರಿಗೆ ಹಿಮ್ಮೇಳ ಅಂದ ಕೂಡಲೇ ಕಿವಿ ನೆಟ್ಟಗಾಗುತ್ತದೆ, ಅಲ್ವಾ? ಈ ಸಲ ಪೂರ್ತಿ ಪುಟ ಅದಕ್ಕೇ ಇಟ್ಟಿದ್ದೇನೆ.

ಪ್ರಶ್ನೆ: ಮಾಷ್ಟ್ರೇ, ಒಂದೇ ತಂತಿಯ ವಾದ್ಯದಲ್ಲಿ ಇಡೀ ಹಾಡು ನುಡಿಸುತ್ತಾರೆ ಅಂತ ಬರೆದಿದ್ದೀರಿ. ನಮ್ಮ ಏಕತಾರಿಯಲ್ಲಿ ಒಂದೇ ಶ್ರುತಿ ಬರುವುದು. ವೀಣೆಯ ಹಾಗೆ ಮೆಟ್ಟಿಲೂ ಇಲ್ಲ ಅಂತೀರಿ. ಮತ್ತೆ ಸ್ವರ ಎಲ್ಲಿಂದ? (ಬದಿಯಡ್ಕದಿಂದ ಒಬ್ಬರು)

ಉತ್ತರ: ಹನೋಯ್‌ನ ಹೋನ್ ಕಿಯೆಮ್ ಕೆರೆಯ ಪಕ್ಕದ ಆ ಗೊಂಬೆಯಾಟದ ರಂಗಮಂದಿರದಲ್ಲಿ ಕೂತಾಗ ಯಾರೋ ಹೆಂಗಸು ಬಾಯಿ ಮುಚ್ಚಿಕೊಂಡು ರಾಗ ಎಳೆಯುತ್ತಿದ್ದಾರೆ ಅಂತಲೇ ನಾನು ಅಂದುಕೊಂಡಿದ್ದೆ. ತಿರುಗಿ ನೋಡಿದರೆ ಆ ದನಿ ಬರುತ್ತಿದ್ದದ್ದು ಸುಮಾರು ಮೂರೂವರೆ ಅಡಿ ಉದ್ದದ ಒಂದು ಮರದ ಪೆಟ್ಟಿಗೆಯಿಂದ. ಅದೇ ಡಾನ್ ಬೌ. ಡಾನ್ ಅಂದರೆ ತಂತಿವಾದ್ಯ, ಬೌ ಅಂದರೆ ಸೋರೆ. ಪೆಟ್ಟಿಗೆಯ ಎಡ ತುದಿಯಲ್ಲಿ ಬಾಗುವ ಒಂದು ಕೋಲು ನೆಟ್ಟಿರುತ್ತಾರೆ. ಆ ಕೋಲಿಗೆ ಒಂದು ಸಣ್ಣ ಸೋರೆಬುರುಡೆ ಪೋಣಿಸಿರುತ್ತಾರೆ. ತಂತಿಯ ಒಂದು ತುದಿ ಆ ಕೋಲಿಗೆ, ಇನ್ನೊಂದು ಬಲಗಡೆ ಪೆಟ್ಟಿಗೆಗೆ. ಹಿಂದೆ ರೇಷ್ಮೆಯ ದಾರ ಇತ್ತು, ಈಗ ಉಕ್ಕಿನ ತಂತಿ.

ಬಲಗೈಯಲ್ಲಿ ಚೂಪಾದ ಸಣ್ಣ ಕಡ್ಡಿ ಹಿಡಿದಿರುತ್ತಾರೆ. ಅಂಗೈಯ ಅಂಚನ್ನು, ಅಂದರೆ ಕಿರುಬೆರಳಿನ ಕಡೆಯ ಅಂಚನ್ನು, ತಂತಿಯ ಒಂದು ನಿರ್ದಿಷ್ಟ ಜಾಗಕ್ಕೆ ಬರೀ ತಾಗಿಸಿ, ಕಡ್ಡಿಯಿಂದ ಮೀಟಿ, ತಕ್ಷಣ ಕೈ ಎತ್ತಬೇಕು. ಒತ್ತುವುದಲ್ಲ, ತಾಗಿಸುವುದು. ನಡುಮಧ್ಯ ತಾಗಿಸಿದರೆ ಮೇಲಿನ ಸ್ಥಾಯಿಯ ಸ, ಮೂರನೇ ಒಂದು ಭಾಗದಲ್ಲಿ ತಾಗಿಸಿದರೆ ಅದರ ಮೇಲಿನ ಪ, ನಾಲ್ಕನೇ ಒಂದರಲ್ಲಿ ಇನ್ನೂ ಮೇಲಿನ ಸ, ಐದನೇ ಒಂದರಲ್ಲಿ ಗ. ಇಷ್ಟೇ ಆದರೆ ನಾಲ್ಕೈದು ಸ್ವರಕ್ಕೆ ಮುಗಿಯಿತು. ಉಳಿದದ್ದೆಲ್ಲ ಎಡಗೈಯ ಕೆಲಸ. ಕೋಲನ್ನು ಹೊರಗೆ ಎಳೆದರೆ ತಂತಿ ಬಿಗಿಯಾಗಿ ಸ್ವರ ಏರುತ್ತದೆ, ಒಳಗೆ ದೂಡಿದರೆ ಸಡಿಲವಾಗಿ ಇಳಿಯುತ್ತದೆ, ಸಣ್ಣಗೆ ನಡುಗಿಸಿದರೆ ಸ್ವರವೂ ನಡುಗುತ್ತದೆ. ಮೀಟುವುದು ಒಂದೇ ಸಲ, ಆಮೇಲೆ ಆ ನಾದ ಸಾಯುವ ತನಕ ಎಡಗೈ ಅದನ್ನು ಎಲ್ಲಿಗೆ ಬೇಕಾದರೂ ಕರೆದುಕೊಂಡು ಹೋಗುತ್ತದೆ.

ಅವರಿಗೆ ಇದು ಯಾಕೆ ಅಷ್ಟು ಇಷ್ಟ ಅಂತ ಗೊತ್ತಾಗಬೇಕಾದರೆ ಅವರ ಮಾತು ಕೇಳಬೇಕು. ಉತ್ತರ ವಿಯೆಟ್ನಾಮಿನ ಮಾತಿನಲ್ಲಿ 6 ಸ್ವರಭಾರ ಇವೆ. 'ಮಾ' ಅನ್ನುವುದನ್ನೇ ಒಂದು ರೀತಿಯಲ್ಲಿ ಎಳೆದರೆ ಭೂತ, ಇನ್ನೊಂದು ರೀತಿಯಲ್ಲಿ ಸಮಾಧಿ, ಮತ್ತೊಂದು ರೀತಿಯಲ್ಲಿ ಭತ್ತದ ನೇಜಿ. ದನಿ ಏರಿಳಿಯದೆ ಅಲ್ಲಿ ಮಾತೇ ಇಲ್ಲ. ಹಾಗಾಗಿ ಕೋಲು ಬಾಗಿಸಿ ಏರಿಳಿಸುವ ಈ ವಾದ್ಯ ಅವರ ಕಿವಿಗೆ ಮಾತಾಡಿದ ಹಾಗೇ ಕೇಳುತ್ತದೆ. ಹೆಣ್ಣಾಗಿ ಹುಟ್ಟಿದವಳು ಡಾನ್ ಬೌ ಕೇಳಬಾರದು ಅಂತ ಅಲ್ಲಿ ಒಂದು ಜನಪದ ಸಾಲೇ ಇದೆ. ಕೇಳಿದರೆ ಮನಸ್ಸು ನುಡಿಸುವವನ ಹಿಂದೆ ಹೋದೀತು ಅನ್ನುವ ಹೆದರಿಕೆ!

ಒಮ್ಮೆ ಈ ಎಡಗೈ ಗುಟ್ಟು ಗೊತ್ತಾದರೆ ಉಳಿದ ವಾದ್ಯಗಳೂ ಅರ್ಥವಾಗುತ್ತವೆ. ಡಾನ್ ತ್ರಾನ್ ಅಂತ 16 ತಂತಿಯ ಒಂದು ವಾದ್ಯ ಇದೆ, ಈಗ 17, 19 ತಂತಿಯವೂ ಬಂದಿವೆ. ಬಲಗೈ, ತಂತಿಗೆ ಆಸರೆ ಕೊಡುವ ಕುದುರೆಯ ಒಂದು ಪಕ್ಕ ಮೀಟುತ್ತದೆ, ಎಡಗೈ ಇನ್ನೊಂದು ಪಕ್ಕ ತಂತಿಯನ್ನು ಒತ್ತಿ ಗಮಕ ಕೊಡುತ್ತದೆ. ಚಂದ್ರನ ಹಾಗೆ ದುಂಡಗಿರುವ ಎರಡು ತಂತಿಯ ಡಾನ್ ನ್ಗುಯೆತ್‌ಗೆ ಮೆಟ್ಟಿಲುಗಳು ತುಂಬಾ ಎತ್ತರ, ತಂತಿಯನ್ನು ಆಳಕ್ಕೆ ಒತ್ತಲಿ ಅಂತಲೇ. ದಕ್ಷಿಣದವರು ಗಿಟಾರನ್ನೂ ಬಿಡಲಿಲ್ಲ ನೋಡಿ. ಮೆಟ್ಟಿಲುಗಳ ನಡುವಿನ ಮರವನ್ನು ಕೆತ್ತಿ ತಗ್ಗು ಮಾಡಿದರು, ನಮ್ಮ ವೀಣೆಯಲ್ಲಿ ತಂತಿ ಎಳೆದು ಗಮಕ ತೆಗೆದ ಹಾಗೆ ಇಲ್ಲಿ ತಂತಿ ಒತ್ತಿ ತೆಗೆಯಲು. 2013ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಡೊನ್ ಕಾ ತಾಯ್ ತು ಅನ್ನುವ ದಕ್ಷಿಣದವರ ಸಂಗೀತದಲ್ಲಿ ಈ ಕೆತ್ತಿದ ಗಿಟಾರಿಗೆ ದೊಡ್ಡ ಜಾಗ ಇದೆ. ನನ್ನ ಮಟ್ಟಿಗೆ ಹೇಳುವುದಾದರೆ, ಬೇರೆ ದೇಶದ ವಾದ್ಯವನ್ನು ತಂದು ತಮ್ಮ ಕಿವಿಗೆ ತಕ್ಕ ಹಾಗೆ ಮಾಡಿಕೊಂಡದ್ದಕ್ಕೆ ಇದಕ್ಕಿಂತ ಚೆಂದದ ಉದಾಹರಣೆ ಇಲ್ಲ. ಪಿಟೀಲಿನ ತಲೆಯನ್ನು ಪಾದದ ಮೇಲೆ ಇಳಿಸಿಕೊಂಡ ನಮಗೆ ಇದು ಬೇಗ ಅರ್ಥವಾಗುತ್ತದೆ.

ಪ್ರಶ್ನೆ: ನಾನು ಪ್ಲಸ್ ಟು ವಿದ್ಯಾರ್ಥಿನಿ. ಶಾಲೆಯ ವಿಜ್ಞಾನ ಮೇಳಕ್ಕೆ ಈ ಒಂಟಿ ತಂತಿ ವಾದ್ಯ ಮನೆಯಲ್ಲೇ ಮಾಡಬಹುದಾ? (ನೀರ್ಚಾಲಿನಿಂದ)

ಉತ್ತರ: ಖಂಡಿತ ಮಾಡು ತಂಗೀ. ಸಾಮಾನೆಲ್ಲ ನಿಮ್ಮ ತೋಟದಲ್ಲೇ ಇದೆ. ಸೋರೆಬುರುಡೆ ಬೇಕೆಂದೇ ಇಲ್ಲ, ತೆಂಗಿನ ಗೆರಟೆ ಸಾಕು. ವಿಯೆಟ್ನಾಮಿನಲ್ಲೂ ಗೆರಟೆ ಬಳಸುವುದುಂಟು. ಒಂದು ಉದ್ದ ಹಲಗೆ ಅಥವಾ ಟೊಳ್ಳು ಪೆಟ್ಟಿಗೆ, ಬಾಗಿಸಿದರೆ ಮುರಿಯದ ಬೆತ್ತ ಅಥವಾ ಬಿದಿರಿನ ಸೀಳು, ಗಿಟಾರಿನ ಒಂದು ಸಪೂರ ತಂತಿ. ತಂತಿಯ ಉದ್ದ ಸರಿಯಾಗಿ 90 ಸೆಂಟಿಮೀಟರ್ ಇಟ್ಟುಕೋ, ಲೆಕ್ಕ ಸುಲಭ. ಬಲ ತುದಿಯಿಂದ ಅಳೆದು 45, 30, 22.5, 18, 15 ಸೆಂಟಿಮೀಟರಿನಲ್ಲಿ ಬಣ್ಣದ ಗುರುತು ಹಾಕು. ಅಲ್ಲಲ್ಲಿ ತಾಗಿಸಿ ಮೀಟಿದರೆ ಸ, ಪ, ಸ, ಗ, ಪ ಬರಬೇಕು. ಬರದಿದ್ದರೆ ಕೈ ಎತ್ತುವುದು ತಡವಾಗುತ್ತಿದೆ ಅಂತ ಅರ್ಥ, ವಾದ್ಯದ ತಪ್ಪಲ್ಲ. ನಾದ ಸಣ್ಣದು. ಈಗಿನ ಕಲಾವಿದರೂ ತಂತಿಯ ನಾದ ಹಿಡಿಯುವ ಪಿಕಪ್ ಹಾಕಿ ಸ್ಪೀಕರಿಗೆ ಕೊಡುತ್ತಾರೆ, ನೀನೂ ಹಾಗೇ ಮಾಡು. ಮಾಡಿದ ಮೇಲೆ ಫೋಟೋ ಕಳಿಸುವುದು ಮರೆಯಬೇಡ.

ಪ್ರಶ್ನೆ: ವಿಯೆಟ್ನಾಮಿನಲ್ಲಿ ಹಿಂದೆ ಶಿವನ ದೇವಸ್ಥಾನಗಳಿದ್ದವು ಅಂತ ಕೇಳಿದ್ದೇನೆ. ಹಾಗಾದರೆ ಈ ವಾದ್ಯಗಳೆಲ್ಲ ನಮ್ಮಿಂದಲೇ ಹೋದವಾ? (ಮಂಜೇಶ್ವರದಿಂದ)

ಉತ್ತರ: ಎಲ್ಲ ಅಲ್ಲ. ಡಾನ್ ತ್ರಾನ್, ಎರಡು ತಂತಿಯ ಪಿಟೀಲಿನಂಥ ಡಾನ್ ಞಿ, ಪೇರಳೆ ಆಕಾರದ ತಂತಿವಾದ್ಯ ತಿ ಬಾ, ಇವೆಲ್ಲ ಚೀನಾದ ವಾದ್ಯಗಳ ನೆಂಟರು. ನೀವು ಹೇಳುವ ಶಿವಾಲಯಗಳು ಹಿಂದಿನ ಕಾಲದ ಚಂಪಾ ರಾಜ್ಯದವು, ನಡುವಿನ ಮತ್ತು ದಕ್ಷಿಣದ ಕರಾವಳಿಯವು. ಮಿ ಸೊನ್ ಅನ್ನುವಲ್ಲಿ ಅವುಗಳ ಅವಶೇಷ ಈಗಲೂ ನೋಡಬಹುದು. ಆ ಚಾಮ್ ಜನ ಇವತ್ತೂ ಇದ್ದಾರೆ. ಅವರ ಕಾತೆ ಹಬ್ಬದಲ್ಲಿ ಗಿನಾಂಗ್ ಅನ್ನುವ ಎರಡು ಮುಖದ ಡೋಲು, ಪರನುಂಗ್ ಅನ್ನುವ ಒಂದು ಮುಖದ ಚರ್ಮವಾದ್ಯ, ಜೊತೆಗೆ ಸರನಾಯ್ ಅನ್ನುವ ಊದುವ ವಾದ್ಯ ಇರುತ್ತವೆ. ಸರನಾಯ್ ಅಂದ ಕೂಡಲೇ ನಿಮಗೆ ಶಹನಾಯಿ ನೆನಪಾಯಿತು ಅಲ್ವಾ? ಪರ್ಷಿಯಾದ ಸುರ್ನಾಯ್ ಕೂಡ ಅದೇ ಹೆಸರಿನ ಬಳಗ. ಅಂದರೆ ದಾರಿ ಒಂದೇ ಅಲ್ಲ, ಸಮುದ್ರದಲ್ಲಿ ಓಡಾಡಿದವರೆಲ್ಲ ಸೇರಿ ಹೊತ್ತುಕೊಂಡು ಹೋದದ್ದು. ಎಲ್ಲ ನಮ್ಮದೇ ಅಂತ ಹೇಳುವ ಆಸೆ ನನಗಿಲ್ಲ. ಹಾಗೆ ಹೇಳಿದರೆ ಅವರು ಅದಕ್ಕೆ ಸೇರಿಸಿದ್ದು ಕಾಣದೇ ಹೋಗುತ್ತದೆ.

ಪ್ರಶ್ನೆ: ನಮ್ಮ ಭೂತಕೋಲದ ಹಾಗೆ ಮೈಮೇಲೆ ಬರುವ ಆರಾಧನೆ ಅಲ್ಲಿ ಇದೆಯಾ? ಇದ್ದರೆ ವಾದ್ಯ ಯಾವುದು? (ಪೈವಳಿಕೆಯಿಂದ)

ಉತ್ತರ: ಇದೆ! ಲೆನ್ ಡೋಂಗ್ ಅನ್ನುತ್ತಾರೆ. ತಾಯಿದೇವತೆಗಳ ಆರಾಧನೆ ಅದು. ಪಾತ್ರಿ ತಲೆ ಮೇಲೆ ಕೆಂಪು ಬಟ್ಟೆ ಹೊದ್ದು ಕೂರುತ್ತಾರೆ, ಬಟ್ಟೆ ಎತ್ತಿ ಎಸೆದರೆ ಶಕ್ತಿ ಬಂದಿದೆ ಅಂತ. ಒಂದಾದ ಮೇಲೆ ಒಂದು ಶಕ್ತಿ ಬರುತ್ತದೆ, ಪ್ರತಿಯೊಂದಕ್ಕೂ ಬೇರೆ ಬಣ್ಣದ ಉಡುಪು, ಬೇರೆ ಹಾಡು, ಬೇರೆ ಲಯ. ಬಂದವರಿಗೆಲ್ಲ ಹಣ್ಣು, ತಿಂಡಿ, ಹಣ ಪ್ರಸಾದವಾಗಿ ಹಂಚುತ್ತಾರೆ. ಹಾಡನ್ನು ಹಾತ್ ವಾನ್ ಅನ್ನುತ್ತಾರೆ. ನುಡಿಸುವುದು ಮೊದಲು ಹೇಳಿದ ಆ ಚಂದ್ರನಾಕಾರದ ಡಾನ್ ನ್ಗುಯೆತ್, ಜೊತೆಗೆ ಡೋಲು, ಬಿದಿರಿನ ತಾಳಪಟ್ಟಿ. ತೆಂಬರೆ ಅನ್ನುವ ಚರ್ಮವಾದ್ಯ ಹಿಡಿದು ಪಾಡ್ದನ, ಅಂದರೆ ಭೂತದ ಕಥೆಹಾಡು, ಹೇಳುವವರು ನಿಲ್ಲಿಸಿದರೆ ಕೋಲ ಹೇಗೆ ಮುಂದೆ ಹೋಗುವುದಿಲ್ಲವೋ, ಅಲ್ಲೂ ಹಾಗೇ, ಹಾಡುವವರೇ ಎಲ್ಲವನ್ನೂ ನಡೆಸುವುದು. ಬಹಳ ವರ್ಷ ಇದನ್ನು ಮೂಢನಂಬಿಕೆ ಅಂತ ಸರ್ಕಾರ ತಡೆದಿತ್ತು. ಆಗೆಲ್ಲ ಜನ ಸದ್ದಿಲ್ಲದೆ ಮನೆಯೊಳಗೆ ಮಾಡಿ ಉಳಿಸಿಕೊಂಡರು. 2016ರಲ್ಲಿ ಈ ಆರಾಧನೆ ಯುನೆಸ್ಕೋ ಪಟ್ಟಿಗೆ ಬಂತು. ಅದನ್ನು ಓದಿದ ದಿನ ನನಗೆ ನಿಜವಾಗಿ ಸಂತೋಷವಾಗಿತ್ತು.

ಪ್ರಶ್ನೆ: ಹಂದಿ ಓಡಿಸುವ ವಾದ್ಯ ಇದೆಯಂತೆ, ಹೌದಾ? ನಮ್ಮಲ್ಲಿ ಡಬ್ಬ ಬಡಿದು ಸಾಕಾಗಿದೆ. (ಮುಳ್ಳೇರಿಯದಿಂದ ಒಬ್ಬ ಕೃಷಿಕರು)

ಉತ್ತರ: ಹೌದು. ತ್ರುಂಗ್ ಅಂತ ಹೆಸರು. ನಡು ವಿಯೆಟ್ನಾಮಿನ ಮಲೆನಾಡಿನಲ್ಲಿ ಬಹ್ನಾರ್, ಜರಾಯ್ ಜನ ಉದ್ದ ಗಿಡ್ಡ ಬಿದಿರಿನ ಕೊಳವೆಗಳನ್ನು ಸಾಲಾಗಿ ತೂಗುಹಾಕಿ ಕೋಲಿನಿಂದ ಬಾರಿಸುತ್ತಾರೆ. ಗದ್ದೆ ಕಾಯುವಾಗ ಹಕ್ಕಿ, ಪ್ರಾಣಿ ಓಡಿಸಲು ಬಾರಿಸುತ್ತಿದ್ದದ್ದು ಆಮೇಲೆ ವೇದಿಕೆಗೂ ಬಂತು. ತೊರೆಯ ನೀರಿನಿಂದ ತಾನಾಗಿಯೇ ಹಗಲೂ ರಾತ್ರಿ ಬಾರಿಸಿಕೊಳ್ಳುವ ಬಿದಿರಿನ ಸಾಲುಗಳನ್ನೂ ಮಾಡುತ್ತಾರೆ. ನಿಮ್ಮ ತೋಟದ ಪಕ್ಕ ಮಳೆಗಾಲದಲ್ಲಿ ತೋಡು ಹರಿಯುತ್ತದಲ್ಲ, ಒಮ್ಮೆ ಪ್ರಯತ್ನ ಮಾಡಿ ನೋಡಬಹುದು. ಅದೇ ಮಲೆನಾಡಿನಲ್ಲಿ 1949ರಲ್ಲಿ ರಸ್ತೆ ಕೆಲಸದವರಿಗೆ ನೆಲದಡಿ 11 ಕಲ್ಲಿನ ಹಲಗೆಗಳು ಸಿಕ್ಕವು. ಬಡಿದರೆ ಸ್ವರ! ಜಾರ್ಜ್ ಕೊಂಡೊಮಿನಾಸ್ ಅನ್ನುವ ಫ್ರೆಂಚ್ ವಿದ್ವಾಂಸರು ಅವನ್ನು ಪ್ಯಾರಿಸ್ಸಿಗೆ ಕಳಿಸಿದರು.

ಪ್ರಶ್ನೆ: ನನಗೆ ಸ್ವಲ್ಪ ಮೋರ್ಸಿಂಗ್ ಬರುತ್ತದೆ. ಅಲ್ಲಿನ ಯಾವ ವಾದ್ಯ ಕಲಿಯಲಿ? (ಕುಂಬಳೆಯಿಂದ)

ಉತ್ತರ: ಡಾನ್ ಮೊಯಿ ತರಿಸಿಕೊಳ್ಳಿ. ಗುಡ್ಡಗಾಡಿನ ಮೊಂಗ್ ಜನರದ್ದು. ಹಿತ್ತಾಳೆಯ ತೆಳ್ಳಗಿನ ಪಟ್ಟಿ, ಬೆರಳಿನಷ್ಟೇ ಉದ್ದ, ಬಿದಿರಿನ ಕೊಳವೆಯೊಳಗೆ ಇಟ್ಟು ಜೇಬಿನಲ್ಲಿ ಹಾಕಿಕೊಳ್ಳಬಹುದು. ಮೋರ್ಸಿಂಗನ್ನು ಹಲ್ಲಿಗೆ ಇಡುತ್ತೀರಿ, ಇದನ್ನು ತುಟಿಗೆ ಮಾತ್ರ. ಹಲ್ಲಿಗೆ ಇಟ್ಟರೆ ವಾದ್ಯದ ನಡುವಿನ ನಾಲಿಗೆ ಬಡಿದು ಹಾಳಾಗುತ್ತದೆ, ಜಾಗ್ರತೆ. ದನಿ ತುಂಬಾ ಮೆಲ್ಲಗೆ. ಮೊಂಗ್ ಹುಡುಗರು ರಾತ್ರಿ ಹುಡುಗಿಯ ಮನೆಯ ಗೋಡೆಯ ಹೊರಗೆ ನಿಂತು ಇದನ್ನು ನುಡಿಸುತ್ತಿದ್ದರು, ಮನೆಯವರಿಗೆ ಎಚ್ಚರವಾಗದ ಹಾಗೆ, ಅವಳಿಗೆ ಮಾತ್ರ ಕೇಳುವ ಹಾಗೆ. ನೀವು ಮೊದಲ ವಾರ ಫ್ಯಾನ್ ಆಫ್ ಮಾಡಿ ಕೂತು ನುಡಿಸಿ. ಇಲ್ಲದಿದ್ದರೆ ನಿಮಗೇ ಕೇಳಿಸುವುದಿಲ್ಲ.