ರಾತ್ರಿ ಗಾಡಿ ಎಲ್ಲಿ ಹಾಕಲಿ?

ಪ್ರಶ್ನೆ: ನಾನು ಹಾಸನದವಳು, ವಯಸ್ಸು 36. ನಮ್ಮ ಹಳೇ ಈಕೋ ವ್ಯಾನಿನಲ್ಲಿ ಹಲಗೆ ಜೋಡಿಸಿ ಮಲಗೋ ಹಾಗೆ ಮಾಡಿಕೊಂಡಿದ್ದೇನೆ. ಡಿಸೆಂಬರಿನಲ್ಲಿ ಒಬ್ಬಳೇ ಶಿರಾಡಿ ಘಾಟಿ ಇಳಿದು ಮಂಗಳೂರಿಗೆ, ಅಲ್ಲಿಂದ ಕರಾವಳಿ ಹಿಡಿದು ಕಾರವಾರಕ್ಕೆ ಹೋಗುವ ಆಸೆ. ಹಗಲು ಓಡಿಸೋಕೆ ಹೆದರಿಕೆ ಇಲ್ಲ. ರಾತ್ರಿ ಗಾಡಿ ಎಲ್ಲಿ ಹಾಕಿ ಮಲಗಲಿ? ಯಾರ ಕಣ್ಣಿಗೂ ಬೀಳದ ಜಾಗ ಹುಡುಕಿಕೊಂಡರೆ ಒಳ್ಳೇದಲ್ವಾ?

ಉತ್ತರ: ಬೇಡ, ದಯವಿಟ್ಟು ಅದೊಂದು ಮಾಡಬೇಡಿ. ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ. ಯಾರಿಗೂ ಕಾಣದ ಜಾಗದಲ್ಲಿ ಏನಾದರೂ ಆದರೆ, ಅದೂ ಯಾರಿಗೂ ಕಾಣುವುದಿಲ್ಲ. ನೀವು ಅಲ್ಲಿ ಮಲಗಿದ್ದೀರಿ ಅಂತ ಆ ಊರಿನ ಒಬ್ಬರಿಗಾದರೂ ಗೊತ್ತಿರಬೇಕು. ಅಂಥ ಜಾಗ ಹುಡುಕಿ.

ಸಂಜೆ ನಾಲ್ಕೂವರೆಗೆಲ್ಲ ಹುಡುಕೋಕೆ ಶುರು ಮಾಡಿ, ಯಾಕೆಂದರೆ ಕತ್ತಲಾದ ಮೇಲೆ ಎಲ್ಲ ಜಾಗವೂ ಒಂದೇ ಥರ ಕಾಣುತ್ತೆ, ಸುಸ್ತೂ ಆಗಿರುತ್ತೆ, ಸಿಕ್ಕಿದ ಕಡೆ ನಿಲ್ಲಿಸಿಬಿಡುತ್ತೇವೆ. ಕರಾವಳಿಯಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಸಣ್ಣ ಹೋಮ್‌ಸ್ಟೇಗಳ ಅಂಗಳ. ರೂಮ್ ಬೇಡ, ಗಾಡಿ ಹಾಕೋಕೆ ಜಾಗ, ಬಚ್ಚಲು, ರಾತ್ರಿ ಊಟ ಸಾಕು ಅಂತ ಕೇಳಿ, ದುಡ್ಡು ಎಷ್ಟು ಅಂತ ಮೊದಲೇ ಮಾತಾಡಿಕೊಳ್ಳಿ. ಕುಮಟಾ ಹತ್ತಿರ ಒಂದು ಮನೆಯಲ್ಲಿ ಹೀಗೇ ಉಳಿದಿದ್ದೆ. ನಡುರಾತ್ರಿ ಎಚ್ಚರವಾಗಿ ಪರದೆ ಸರಿಸಿದರೆ ಜಗುಲಿಯ ದೀಪ ಉರಿಯುತ್ತಲೇ ಇತ್ತು. ನಾನು ಕೇಳಿರಲಿಲ್ಲ. "ಹುಡುಗಿ ಹೊರಗೆ ಮಲಗಿದಾಳೆ ಅಂತ ಹಾಗೇ ಬಿಟ್ಟೆ" ಅಂದರು ಬೆಳಿಗ್ಗೆ ಆ ಅಮ್ಮ, ಚಹಾ ಲೋಟ ಕೈಗಿಡುತ್ತಾ. ಅವತ್ತು ಬಂದಷ್ಟು ನಿದ್ದೆ ಆ ಪ್ರವಾಸದಲ್ಲಿ ಮತ್ತೆಲ್ಲೂ ಬರಲಿಲ್ಲ. ಒಂದು ಮಾತು, ತೆಂಗಿನ ಮರದ ಕೆಳಗೆ ಮಾತ್ರ ಗಾಡಿ ಹಾಕಬೇಡಿ!

ಅಂಗಳ ಸಿಗದಿದ್ದರೆ ಹೆದ್ದಾರಿಯ ದೊಡ್ಡ ಪೆಟ್ರೋಲ್ ಬಂಕ್. ಟ್ಯಾಂಕ್ ತುಂಬಿಸಿಕೊಂಡು ಅಲ್ಲಿಯವರನ್ನು ನೇರವಾಗಿ ಕೇಳಿ: "ಅಣ್ಣಾ, ರಾತ್ರಿ ಇಲ್ಲೇ ಗಾಡಿ ಹಾಕ್ಕೊಂಡು ಮಲಗ್ತೀನಿ, ಬೆಳಿಗ್ಗೆ ಆರಕ್ಕೆ ಹೊರಡ್ತೀನಿ, ಆಗುತ್ತಾ?" ಆಗಲ್ಲ ಅಂದರೆ ವಾದ ಮಾಡಬೇಡಿ, ಮುಂದಿನ ಬಂಕ್‌ಗೆ ಹೋಗಿ. ಬೆಳಕು ಬೀಳುವ ಕಡೆ, ಲಾರಿಗಳಿಂದ ದೂರ, ಮೂತಿ ರಸ್ತೆ ಕಡೆಗಿರುವ ಹಾಗೆ ನಿಲ್ಲಿಸಿ. ಅಲ್ಲಿ ಒಲೆ ಹಚ್ಚುವ ಮಾತೇ ಇಲ್ಲ. ಬೇರೆ ಕಡೆಯೂ ಮುಚ್ಚಿದ ವ್ಯಾನಿನೊಳಗೆ ಗ್ಯಾಸ್ ಒಲೆಯಾಗಲಿ ಇದ್ದಿಲಾಗಲಿ ಉರಿಸಬೇಡಿ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ನಿದ್ದೆಯಲ್ಲೇ ಜೀವ ಹೋಗುತ್ತೆ. ಕಿಟಕಿ ಎರಡು ಬೆರಳು ತೆಗೆದಿಟ್ಟು ಸೊಳ್ಳೆ ಪರದೆ ಸಿಕ್ಕಿಸಿ.

ಘಾಟಿ ಇಳಿದು ಗುಂಡ್ಯದಿಂದ ಕುಕ್ಕೆಗೆ ಹೋದರೆ ಪಾರ್ಕಿಂಗ್, ಸ್ನಾನ ಎರಡಕ್ಕೂ ತೊಂದರೆ ಇಲ್ಲ. ಆದರೆ ಚಂಪಾಷಷ್ಠಿ ಯಾವಾಗ ಅಂತ ಕ್ಯಾಲೆಂಡರ್ ನೋಡಿಕೊಳ್ಳಿ, ಆ ದಿನಗಳಲ್ಲಿ ಕಾಲಿಡೋಕೂ ಜಾಗ ಇರುವುದಿಲ್ಲ.

ಸಮುದ್ರದ ದಂಡೆಯ ಮೇಲೇ ಮಲಗಬೇಕು ಅಂತ ಆಸೆಯಾಗುತ್ತೆ, ಗೊತ್ತು. ಮರಳಲ್ಲಿ ಚಕ್ರ ಹೂತರೆ ರಾತ್ರಿ ಎಳೆಯೋರು ಯಾರು? ಅದಕ್ಕಿಂತ ಮುಖ್ಯವಾಗಿ, ಹೊನ್ನಾವರದ ಕಾಸರಕೋಡಿನಂಥ ಕಡೆ ಚಳಿಗಾಲದಲ್ಲಿ ಕಡಲಾಮೆಗಳು ಮೊಟ್ಟೆ ಇಡಲು ದಡಕ್ಕೆ ಬರುತ್ತವೆ. ನಮ್ಮ ಹೆಡ್‌ಲೈಟಿಗೆ ಅವು ದಾರಿ ತಪ್ಪುತ್ತವೆ. ಗಾಡಿ ರಸ್ತೆಯಲ್ಲೇ ಇರಲಿ.

ಕಾಡೊಳಗೆ ಬೇಡ, ಅರಣ್ಯ ಇಲಾಖೆ ಅನುಮತಿ ಇಲ್ಲದೆ ಅಲ್ಲಿ ರಾತ್ರಿ ಉಳಿಯುವಂತಿಲ್ಲ.

ಡಿಸೆಂಬರಿಗೆ ಇದು ಅಷ್ಟಾಗಿ ಬೇಕಾಗಲಿಕ್ಕಿಲ್ಲ, ಆದರೂ ಹೇಳಿಬಿಡುತ್ತೇನೆ. ಮಳೆಗಾಲದಲ್ಲಿ ಹೋಗುವುದಾದರೆ, ಗುಡ್ಡ ಕಡಿದ ಜಾಗದ ಬುಡದಲ್ಲಿ ಹತ್ತು ನಿಮಿಷವೂ ನಿಲ್ಲಬೇಡಿ. ಅಂಕೋಲಾ ಹತ್ತಿರದ ಶಿರೂರಿನಲ್ಲಿ 2024ರ ಜುಲೈ 16ರಂದು ಗುಡ್ಡ ಕುಸಿದಾಗ ಹೆದ್ದಾರಿ ಬದಿಯ ಚಹಾ ಅಂಗಡಿಯೂ ಅಲ್ಲಿ ನಿಂತಿದ್ದ ಗಾಡಿಗಳೂ ಕೊಚ್ಚಿಹೋದವು. ಆ ದಾರಿಯಲ್ಲಿ ಹೋಗುವಾಗಲೆಲ್ಲ ನನಗೆ ಎದೆ ಭಾರವಾಗುತ್ತೆ.

ಪ್ರತಿ ರಾತ್ರಿ ಮನೆಗೆ ಲೊಕೇಶನ್ ಕಳಿಸಿ. ಪೊಲೀಸರಿಗೆ 112, ಹೆದ್ದಾರಿಯಲ್ಲಿ ಗಾಡಿ ಕೆಟ್ಟರೆ 1033. ನಿಲ್ಲಿಸಿದ ಜಾಗ ಯಾಕೋ ಸರಿ ಇಲ್ಲ ಅನಿಸಿದರೆ ಕಾರಣ ಹುಡುಕುತ್ತಾ ಕೂರಬೇಡಿ, ಸೀದಾ ಹೊರಡಿ. ಅದಕ್ಕೇ ಕೀಲಿ ಯಾವಾಗಲೂ ಒಂದೇ ಜಾಗದಲ್ಲಿರಲಿ, ನಾನು ದಿಂಬಿನ ಬಲಗಡೆ ಇಡುತ್ತೇನೆ.